ಇಳಿಸುವ ವಿದ್ಯೆ

ಬಟ್ಟೆ ಹೊಲಿದು ಹೊಲಿದು ಸೊಂಟ ಹಿಡಿದುಕೊಂಡಿತೆಂದು ಜಿಮ್ ಸೇರಿದ ಟೈಲರಮ್ಮ, ಕೊನೆಗೊಂದು ದಿನ ನೂರು ಕೆಜಿಯ ಕಬ್ಬಿಣದ ಬಾರನ್ನು ನೆಲದಿಂದ ಎತ್ತಿ ನಿಂತಳು. ಎತ್ತಿದ್ದನ್ನು ಅಲ್ಲಿನ ವಾಡಿಕೆಯಂತೆ ಧಡಾರನೆ ಕೈಬಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. "ಮುಂದಿಂದು ನೂರಿಪ್ಪತ್ತು" ಎಂದ ಕೋಚ್.

ಅದೇ ಹುಮ್ಮಸ್ಸಿನಲ್ಲಿ ಸಂಜೆ, ಕಾಲು ಸ್ವಾಧೀನ ತಪ್ಪಿದ ಅತ್ತೆಯನ್ನು ಗಾಲಿಕುರ್ಚಿಯಿಂದ ಹೂವಿನಂತೆ ಎತ್ತಿದಳು. ಮಂಚದ ಹತ್ತಿರ ಬಂದಳೋ ಇಲ್ಲವೋ, ಅಭ್ಯಾಸಬಲದಿಂದ ಕೈಬಿಟ್ಟಳು.

ಮಂಚ ಕಿರುಗುಟ್ಟಿದ್ದಕ್ಕಿಂತ ಜೋರಾಗಿ ಅತ್ತೆ ಕಿರುಚಿದರು. "ಅಯ್ಯೋ, ನಾನೇನು ಕಬ್ಬಿಣಾನೇನೇ? ಎತ್ತೋದು ಕಲಿಸಿದೋನು ಇಳಿಸೋದು ಕಲಿಸ್ಲಿಲ್ವಾ?"

ಮರುದಿನ ಅವಳು ಕೋಚ್‌ಗೆ, "ನೂರಿಪ್ಪತ್ತು ಹಾಗಿರ್ಲಿ ಬಿಡಿ ಸರ್. ಅರವತ್ತೇ ಹಾಕಿ, ನಿಧಾನಕ್ಕೆ ಇಳಿಸೋದು ಹೇಳ್ಕೊಡಿ" ಎಂದಳು.

"ಎಲ್ರೂ ಮೇಲಕ್ಕೆ ಹೋಗ್ತಾರೆ, ನೀವು ಕೆಳಕ್ಕೆ ಬರ್ತೀರಲ್ಲಮ್ಮ!" ಎಂದು ಅವನು ಮುಖ ಗಂಟಿಕ್ಕಿದ. ಅವಳು ಜಗ್ಗಲಿಲ್ಲ. ಇಳಿಸುವಾಗ ಸದ್ದಾದರೆ ಅದು ಲೆಕ್ಕಕ್ಕಿಲ್ಲ ಎಂದು ತನಗೆ ತಾನೇ ನಿಯಮ ಹಾಕಿಕೊಂಡಳು. ಎತ್ತುವುದಕ್ಕಿಂತ ಇಳಿಸುವುದೇ ಹೆಚ್ಚು ಬೆವರಿಳಿಸಿತು.

ಅತ್ತೆಯೋ, ಆವತ್ತಿನಿಂದ ಎತ್ತಿದೊಡನೆ ಕಣ್ಣು ಬಿಗಿಯಾಗಿ ಮುಚ್ಚಿ, ಕೈ ಎದೆಗವುಚಿಕೊಂಡುಬಿಡುತ್ತಿದ್ದರು. ಕೆಲವು ತಿಂಗಳ ನಂತರ ಒಂದು ಸಂಜೆ ಹಾಗೆಯೇ ಕಣ್ಣು ಮುಚ್ಚಿಕೊಂಡು ಗದರಿದರು: "ಎಷ್ಟೊತ್ತು ಅಂತ ಎತ್ಕೊಂಡು ನಿಂತಿರ್ತೀಯೇ? ಇಳಿಸ್ಬಾರ್ದಾ?"

ಸೊಸೆ ಆಗಲೇ ಅವರ ಕಾಲಿಗೆ ಹೊದಿಕೆ ಹೊದಿಸುತ್ತಿದ್ದಳು.