ಅವಳು ಮಾತ್ರೆ ಬಿಟ್ಟ ಕಾರಣ

ಖಿನ್ನತೆಗೆಂದು ಡಾಕ್ಟರು ಕೊಟ್ಟಿದ್ದ ಮಾತ್ರೆಯನ್ನು ನನ್ನ ಹೆಂಡತಿ ಒಮ್ಮೆ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟಳು. ಯಾಕೆ ಎಂದು ಕೇಳಿದವರಿಗೆಲ್ಲ ಬೇರೆಬೇರೆ ಉತ್ತರ ಕೊಟ್ಟಿದ್ದಾಳೆ. ಡಾಕ್ಟರಿಗೆ, "ವಾಸಿಯಾಯ್ತು ಅಂದ್ಕೊಂಡೆ." ತಂಗಿಗೆ, "ದಪ್ಪ ಆಗ್ತಿದ್ದೆ ಕಣೆ, ಬ್ಲೌಸೆಲ್ಲ ಬಿಗಿ." ನನಗೆ ಒಂದು ಸಲ, ಬಾಯಿ ಒಣಗುತ್ತದೆ ಎಂದು. ಇನ್ನೊಂದು ಸಲ, ಅಳಬೇಕಾದಲ್ಲೂ ಅಳು ಬರುವುದಿಲ್ಲ, ನನ್ನ ಮನೆಯಲ್ಲೇ ನೆಂಟರ ಹಾಗೆ ಇದ್ದೇನೆ ಎಂದು. ಇವೆಲ್ಲ ಸುಳ್ಳಲ್ಲ. ಆದರೆ ನಾನು ನಂಬಿರುವ ಕಾರಣ ತಣಿಸಂದ್ರದ ಒಬ್ಬ ಒಳ್ಳೆಯ ಮನುಷ್ಯ. ಹೀಗೆ ಬರೆದಿದ್ದೇನೆ ಎಂದು ಓದಿ ಹೇಳಿದರೆ, "ಪಾಪ, ಅವರ ಮೇಲ್ ಯಾಕ್ರೀ ಹಾಕ್ತೀರಾ?" ಎಂದಳು. ಅಲ್ಲ ಎನ್ನಲಿಲ್ಲ.

ಶೆಟ್ಟಿಹಳ್ಳಿ ಅವಳು ಹುಟ್ಟಿದ ಊರು. ನಾವು ಮನೆ ಕಟ್ಟಿಕೊಂಡದ್ದೂ ಅಲ್ಲೇ. ಬೀದಿಯಲ್ಲಿ ಅರ್ಧ ಜನ ಅವಳ ನೆಂಟರು, ಉಳಿದರ್ಧ ನೆಂಟರ ಬಾಡಿಗೆದಾರರು. ಮೂಲೆಯ ಮೆಡಿಕಲ್ ಸ್ಟೋರಿನವನು ಅವಳ ದೊಡ್ಡಪ್ಪನ ಮಗಳ ಮೈದುನ. ಯಾರ ಶುಗರ್ ಏರಿದೆ, ಯಾರ ಕೆಮ್ಮು ಬಿಟ್ಟಿಲ್ಲ ಎಂಬ ಸುದ್ದಿ ಅವನ ಕೌಂಟರಿನಿಂದ ಬೀದಿಗಿಳಿಯಲು ಅರ್ಧ ದಿನ ಸಾಕು. ಆ ಬೀದಿಗೆ ಇವಳು ಅಕ್ಕ. ಅತ್ತೆ ಸೊಸೆ ಜಗಳ, ಮಾತು ಬಿಟ್ಟ ಗಂಡ, ಓದದ ಮಗ, ಎಲ್ಲವೂ ನಮ್ಮ ಮನೆಯ ಮೆಟ್ಟಿಲಿಗೆ ಬರುತ್ತಿದ್ದವು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮದೊಂದು ಸಣ್ಣ ಕೋರ್ಟು. ಅವಳ ಭಯ ಇಷ್ಟೇ: "ನಾನೇ ಮನಸ್ಸಿಗೆ ಮಾತ್ರೆ ನುಂಗ್ತೀನಿ ಅಂತ ಗೊತ್ತಾದ್ರೆ, ಯಾರ್ ಬರ್ತಾರೆ ನನ್ನ ಮಾತ್ ಕೇಳೋಕೆ?"

ಡಾಕ್ಟರು ಇದ್ದದ್ದು ಆರ್.ಟಿ. ನಗರದಲ್ಲಿ. ಕ್ಲಿನಿಕ್ಕಿನ ಪಕ್ಕದಲ್ಲೇ ಮಾತ್ರೆ ಸಿಗುತ್ತಿತ್ತು. ಮೊದಲ ಸಲವೇ ಅಲ್ಲಿ ನಮ್ಮೂರಿನ ಹಾಲಿನ ಡೈರಿಯವರನ್ನು ಕಂಡು ಇಬ್ಬರೂ ಜ್ಯೂಸ್ ಅಂಗಡಿಗೆ ನುಗ್ಗಿದೆವು. ಅವರೂ ನಮ್ಮನ್ನು ಕಂಡು ಬೆನ್ನು ತಿರುಗಿಸಿದ್ದರು ಎಂದು ಈಗ ನೆನಪಾಗುತ್ತಿದೆ. ಅಥವಾ ಈಗ ಹೊಳೆಯುತ್ತಿದೆ. ಎರಡರ ನಡುವಿನ ವ್ಯತ್ಯಾಸ ನನಗೆ ಅಷ್ಟಾಗಿ ತಿಳಿಯದು. ಅಂತೂ ಅಲ್ಲಿ ಬೇಡವೆಂದು, ನಮಗೆ ಒಂದು ನರಪಿಳ್ಳೆಯೂ ಗೊತ್ತಿಲ್ಲದ ತಣಿಸಂದ್ರವನ್ನು ಆರಿಸಿಕೊಂಡೆವು. ಎಲ್ಲ ಅಪಾರ್ಟ್‌ಮೆಂಟು, ಅಲ್ಲಿ ಪಕ್ಕದ ಬಾಗಿಲಿನವರಿಗೇ ಪಕ್ಕದ ಬಾಗಿಲು ಗೊತ್ತಿರುವುದಿಲ್ಲ.

ತಿಂಗಳಿಗೊಂದು ಸಲ ಹೋಗುತ್ತಿದ್ದೆವು. ಜಾಲಹಳ್ಳಿ ಕ್ರಾಸಿನಿಂದ ಒಂದು ಬಸ್ಸು, ಹೆಬ್ಬಾಳದಲ್ಲಿ ಇಳಿದು ಇನ್ನೊಂದು. ಅವಳು ತನ್ನ ಫ್ರೀ ಟಿಕೆಟ್ಟನ್ನು ಬೀಸಣಿಗೆ ಮಾಡಿಕೊಂಡು ನನ್ನ ಮುಖ ನೋಡಿ ನಗುವಳು. ಮಾತ್ರೆ ಕೊಂಡ ಮೇಲೆ ದೋಸೆ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದ ಮೇಲೆ ನಾವು ಮತ್ತೆ ಒಟ್ಟಿಗೆ ತಿರುಗಾಡಿದ ದಿನಗಳವು, ಬಹಳ ಚೆನ್ನಾಗಿದ್ದವು ಎಂದು ನಾನು ಬರೆದರೆ, "ನಿಮಗ್ ಸೀಟ್ ಸಿಗ್ತಿತ್ತು, ಚೆನ್ನಾಗಿತ್ತು" ಎನ್ನುತ್ತಾಳೆ.

ತಣಿಸಂದ್ರದ ಆ ಮೆಡಿಕಲ್ ಸ್ಟೋರಿನವರು ಕನ್ನಡಕದ, ಮೃದು ಮಾತಿನ ಮನುಷ್ಯ. ನಾಲ್ಕು ತಿಂಗಳು ಚೀಟಿ ನೋಡಿ, ಮಾತಿಲ್ಲದೆ ಕೊಟ್ಟರು. ಐದನೆಯ ಸಲ ನಾವು ಮೆಟ್ಟಿಲು ಹತ್ತುವಷ್ಟರಲ್ಲಿ ಸ್ಟ್ರಿಪ್‌ಗಳನ್ನು ಕವರಿಗೆ ಹಾಕಿ ಇಟ್ಟಿದ್ದರು.

"ಬನ್ನಿ ಅಮ್ಮ, ನಿಮ್ದು ಆಗ್ಲೇ ತೆಗ್ದಿಟ್ಟಿದೀನಿ. ಈಗ ಮುಖದಲ್ಲಿ ಕಳೆ ಬಂದಿದೆ ನೋಡಿ! ಬಿಡ್ಬೇಡಿ, ತಗೊಳ್ತಾ ಇರಿ."

ಅವಳು ನಕ್ಕಳು. ದೋಸೆ ಬೇಡ ಎಂದಳು. ಬಸ್ಸು ಹೆಬ್ಬಾಳದ ಫ್ಲೈಓವರಿನ ಟ್ರಾಫಿಕ್ಕಿನಲ್ಲಿ ನಿಂತಾಗ ಕಿಟಕಿಯ ಕಡೆ ತಿರುಗಿಯೇ ಹೇಳಿದಳು:

"ಇವರ್ಗೂ ಗೊತ್ತಾಯ್ತಲ್ರೀ."

"ಏನ್ ಗೊತ್ತಾಯ್ತು? ಚೆನ್ನಾಗಿದೀರಾ ಅಂದ್ರು."

"ಮೊದ್ಲು ಹೆಂಗಿದ್ದೆ ಅಂತ ಗೊತ್ತಿದ್ದಕ್ಕೆ ತಾನೆ ಅಂದಿದ್ದು?"

ಮುಂದಿನ ತಿಂಗಳು ಹೊರಡೋಣ ಎಂದರೆ, ಮಾತ್ರೆ ಇನ್ನೂ ಮಿಕ್ಕಿದೆ ಎಂದಳು. ನಂಬಿದೆ. ನಂಬುವುದು ನನಗೂ ಸುಲಭವಾಗಿತ್ತು. ಅವಳು ಚೆನ್ನಾಗಿಯೇ ಇದ್ದಳು, ಬಸ್ಸಿನಲ್ಲಿ ನನಗೂ ಬೆನ್ನು ನೋಯುತ್ತಿತ್ತು. ಮಿಕ್ಕಿದ್ದೇನೋ ನಿಜ. ತಗೊಳ್ಳದೆ ಮಿಕ್ಕಿತ್ತು.

ಮೊದಲು ತಲೆಸುತ್ತು ಬಂತು. "ಕತ್ತು ತಿರುಗ್ಸಿದ್ರೆ ತಲೆಯೊಳ್ಗೆ ಯಾರೋ ಟ್ಯೂಬ್‌ಲೈಟ್ ಹಾಕಿ ಆರ್ಸಿದಂಗಾಗುತ್ತೆ" ಎನ್ನುತ್ತಿದ್ದಳು. ಬಿಸಿಲಿರಬೇಕು ಎಂದೆ. ಕೆಲವು ವಾರ ಕಳೆದ ಮೇಲೆ ಹಳೆಯದು ಮರಳಿತು. ಒಂದು ಮಧ್ಯಾಹ್ನ ಅವಳು ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು, ಒಂದನ್ನೂ ಸುಲಿಯದೆ, ಕಾಯಿಯ ಮೇಲೆ ಕೈಯಿಟ್ಟು ಕುಳಿತದ್ದನ್ನು ನೋಡಿದೆ. ಸಂಜೆ ನೋಡಿದಾಗಲೂ ಕೈ ಅಲ್ಲೇ ಇತ್ತು. ಈ ಚಿತ್ರ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವಳು ಮಾತ್ರ, "ಅದು ಅವರೆಕಾಯಿ ಕಾಲನೇ ಅಲ್ಲ, ಕೊತ್ತಂಬರಿ ಬಿಡಿಸ್ತಿದ್ದೆ" ಎನ್ನುತ್ತಾಳೆ. ಕೊತ್ತಂಬರಿಯೇ ಇರಲಿ. ಕೈ ಅಲುಗುತ್ತಿರಲಿಲ್ಲ ಎಂಬುದನ್ನು ಇಬ್ಬರೂ ಒಪ್ಪುತ್ತೇವೆ. ಎರಡು ಗಂಟೆಗೆ ಬಂದ ಹೆಂಗಸರಿಗೆ, ಅಕ್ಕ ಮಲಗಿದ್ದಾಳೆ ಎಂದು ನಾನು ಹೇಳಿ ಕಳಿಸತೊಡಗಿದೆ.

ಕೊನೆಗೆ ಅವಳೇ ಬೀರುವಿನಿಂದ ಕವರು ತಂದು ನನ್ನ ಮುಂದಿಟ್ಟಳು. "ಬೈಬೇಡಿ" ಎಂದಳು. ಬೈಯಲಿಲ್ಲ. ಬೈದೆ ಎಂದು ಅವಳು ಹೇಳುತ್ತಾಳೆ. ಡಾಕ್ಟರಂತೂ ಬೈಯಲಿಲ್ಲ. "ನಿಲ್ಲಿಸ್ಬೇಕು ಅನ್ನಿಸಿದ್ರೆ ನನಗೆ ಹೇಳಿ. ಇಬ್ರೂ ಸೇರಿ ನಿಧಾನವಾಗಿ ಇಳಿಸೋಣ. ಹೀಗೆ ಏಕಾಏಕಿ ಬೇಡ" ಎಂದು ಹೊಸ ಚೀಟಿ ಬರೆದರು, ಮತ್ತೆ ಕಡಿಮೆ ಪ್ರಮಾಣದಿಂದ.

ಆ ಸಂಜೆ ಅವಳನ್ನು ಮನೆಯಲ್ಲಿ ಬಿಟ್ಟು ತಣಿಸಂದ್ರಕ್ಕೆ ಹೋಗಲು ನನಗೆ ಮನಸ್ಸಾಗಲಿಲ್ಲ. ಮೂಲೆಯ ಅಂಗಡಿಗೇ ಹೋದೆ. ಚೀಟಿಯಲ್ಲಿ ಅವಳ ಹೆಸರಿದ್ದ ಜಾಗದ ಮೇಲೆ ಹೆಬ್ಬೆರಳಿಟ್ಟು ತೋರಿಸಿದೆ.

"ಯಾರ್ಗಣ್ಣ ಇದು?" ಎಂದ.

"ನನಗೇ."

ತ್ಯಾಗವೇನಲ್ಲ. ಬಾಯಿಗೆ ಬಂದದ್ದು ಹೇಳಿದೆ, ಅಷ್ಟೇ. ಅವನು ನನ್ನನ್ನೇ ಒಂದು ಕ್ಷಣ ನೋಡಿ, ಚಿಲ್ಲರೆ ಕೊಡುವಾಗ ದನಿ ತಗ್ಗಿಸಿ, "ಧೈರ್ಯವಾಗಿರಿ ಅಣ್ಣ" ಎಂದ.

ಮರುದಿನ ಬೆಳಗ್ಗೆಯಿಂದಲೇ ನಾನು ಬೀದಿಯ ರೋಗಿ. ಟೀ ಅಂಗಡಿಯಲ್ಲಿ ಒಬ್ಬರು ಎದ್ದು ಸ್ಟೂಲು ಬಿಟ್ಟುಕೊಟ್ಟರು. ನನ್ನ ಗೆಳೆಯ ಹೆಗಲ ಮೇಲೆ ಕೈಹಾಕಿ, "ಬರ್ದು ಬರ್ದು ಹಿಂಗಾಗಿದೆ ಗುರು. ಒಂದಾರ್ ತಿಂಗ್ಳು ಪೆನ್ ಮುಟ್ಬೇಡ. ನಮ್ಗೂ ರೆಸ್ಟು" ಎಂದ. ಹಿರಿಯ ಹೆಂಗಸೊಬ್ಬರು ಮಂತ್ರಿಸಿದ ದಾರ ತಂದು ನನ್ನ ಕೈಗೆ ಕಟ್ಟಿ, ಅಂಗಳದಲ್ಲಿ ನಿಂಬೆಹಣ್ಣು ನಿವಾಳಿಸಿದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನ್ನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಎಷ್ಟೋ ವಾರಗಳ ಮೇಲೆ ಕೇಳಿದ ನಗು. ಇಲ್ಲಿಂದ ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆಯಾಗುತ್ತದೆ. ಮರುದಿನ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಅದರ ಮರುದಿನವೂ. ಮಾತ್ರೆ ಮೈಗೆ ಹಿಡಿಯಲು ವಾರಗಳೇ ಬೇಕಾದವು. ಆ ವಾರಗಳಲ್ಲೆಲ್ಲ ನನ್ನ ಹೆಸರಿನಲ್ಲಿ ಬಂದ ಮಾತ್ರೆಯನ್ನು ರಾತ್ರಿ ಊಟವಾದ ಮೇಲೆ ಅವಳು ನುಂಗುತ್ತಿದ್ದಳು.

ಸ್ವಲ್ಪ ಚೇತರಿಸಿಕೊಂಡು ಮತ್ತೆ ಮೆಟ್ಟಿಲ ಮೇಲೆ ಕೂರಲು ಶುರುಮಾಡಿದಾಗ ಎದುರು ಮನೆಯ ಸೊಸೆ ಒಂದು ಬಾಟಲಿ ಕಷಾಯ ಹಿಡಿದು ಬಂದಳು. ನಾನು ಒಳಗೆ ಪೇಪರು ಓದುತ್ತಿದ್ದೆ. ಅಂದರೆ, ಓದುವುದನ್ನು ನಿಲ್ಲಿಸಿ ಕೇಳುತ್ತಿದ್ದೆ.

"ಅಕ್ಕ, ಇದನ್ನ ಅಣ್ಣಂಗೆ ಬೆಳಗ್ಗೆ ಸಂಜೆ ಕೊಡಿ. ಆ ಮಾತ್ರೆ ಬಿಡ್ಸ್‌ಬಿಡಿ. ಅಭ್ಯಾಸ ಆಗೋಗ್ತದೆ ಕಣಕ್ಕ, ಆಮೇಲೆ ಜೀವನ್‌ಪೂರ್ತಿ ಅದೇ. ಮುಖ ನೋಡಿ ಅಣ್ಣಂದು, ಆಗ್ಲೇ ಮಂಕಾಗೈತೆ."

ನನ್ನ ಹೆಂಡತಿ ಹೌದು ಎಂದುಬಿಟ್ಟರೆ ಬಾಟಲಿ ಒಳಗೆ ಬರುತ್ತಿತ್ತು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಮೆಟ್ಟಿಲ ಮೇಲೆ ಅವಳು ಇಷ್ಟು ವರ್ಷ ಯಾರಿಗೂ ತಪ್ಪು ಬುದ್ಧಿ ಹೇಳಿದವಳಲ್ಲ. ಮಾತ್ರೆ ಬಿಡಿಸೋದು ಒಳ್ಳೆಯದು ಎಂದು ಅಲ್ಲಿ ಒಪ್ಪಿಕೊಂಡರೆ, ತನ್ನ ಮಾತ್ರೆಯನ್ನು ಮತ್ತೆ ಬೀರುವಿಗೆ ಸೇರಿಸುತ್ತಾಳೆ ಎಂದು ನನಗೆ ಹೆದರಿಕೆಯಾಯಿತು. ಎದ್ದು ಹೊರಗೆ ಹೋಗಿ ಏನಾದರೂ ಹೇಳಬೇಕೆಂದುಕೊಂಡೆ. ಹೋಗಲಿಲ್ಲ.

"ಅದು ಅವರ್ದಲ್ಲ ಕಣೆ" ಎಂದಳು. "ನಂದು."

"ಏನಕ್ಕ?"

"ಮಾತ್ರೆ. ನಾನ್ ತಗೊಳ್ಳೋದು. ಒಂದ್ಸಲ ಬಿಟ್ಟೂ ನೋಡ್ದೆ. ಬೇಡ, ಆ ಪಾಡು ಯಾರ್ಗೂ ಬೇಡ. ಬಿಡೋದಾದ್ರೆ ಡಾಕ್ಟ್ರನ್ನ ಕೇಳ್ಕೊಂಡೇ ಬಿಡ್ತೀನಿ."

ಕಾಫಿ ಲೋಟ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ಆ ಹುಡುಗಿ ಕೇಳಿದ್ದು: "ಅಂಗಾದ್ರೆ ಅಣ್ಣಂಗೇನೂ ಇಲ್ವಾ?"

"ಅವರ್ಗಿರೋದಕ್ಕೆ ಇನ್ನೂ ಯಾರೂ ಮಾತ್ರೆ ಕಂಡ್‌ಹಿಡ್ದಿಲ್ಲ."

ಆ ಹುಡುಗಿ ನಗಲಿಲ್ಲ. ಕಾಫಿ ಅರ್ಧಕ್ಕೆ ಬಿಟ್ಟು, ಕಷಾಯದ ಬಾಟಲಿ ವಾಪಸು ತೆಗೆದುಕೊಂಡು ಹೋದಳು.

ನಾಲ್ಕು ದಿನ ಯಾರೂ ಬರಲಿಲ್ಲ. ನಾಲ್ಕೋ ಆರೋ. ಎರಡು ಗಂಟೆಗೆ ಇವಳು ಮೆಟ್ಟಿಲ ಮೇಲೆ ಕೂರುವಳು, ಬೀದಿ ನೋಡುವಳು, ನಾಲ್ಕಕ್ಕೆ ಏಳುವಳು. ಅವಳು ಸ್ನಾನಕ್ಕೆ ಹೋದಾಗ ನಾನು ಕಳ್ಳನ ಹಾಗೆ ಸ್ಟ್ರಿಪ್ ತೆಗೆದು ನೋಡುತ್ತಿದ್ದೆ. ಪ್ರತಿದಿನವೂ ಒಂದು ಗುಳ್ಳೆ ಖಾಲಿಯಾಗುತ್ತಿತ್ತು. ಹಾಗೆ ನೋಡುತ್ತಿದ್ದುದು ಅವಳಿಗೆ ಗೊತ್ತಿತ್ತಂತೆ. "ಎಣ್ಸ್ಕೊಳ್ಳಿ ಅಂತಾನೇ ಮೇಲಿಡ್ತಿದ್ದೆ" ಎಂದಳು ಆಮೇಲೆ.

ಒಂದು ಮಧ್ಯಾಹ್ನ ಎದುರು ಮನೆಯ ಸೊಸೆ ಗೇಟು ತಳ್ಳಿಕೊಂಡು ಬಂದಳು. ಕೈಯಲ್ಲಿ ಏನೂ ಇರಲಿಲ್ಲ, ಕಣ್ಣು ಊದಿತ್ತು. "ನಮ್ಮತ್ತೆ ಇವತ್ತು ಏನಂದ್ರು ಗೊತ್ತಾ ಅಕ್ಕ" ಎಂದು ಶುರುಮಾಡಿ, ಮಧ್ಯದಲ್ಲಿ ನಿಲ್ಲಿಸಿ, ಬಾಗಿಲಲ್ಲಿದ್ದ ನನ್ನ ಕಡೆ ನೋಡಿದಳು.

ನನ್ನ ಹೆಂಡತಿ ಸರಿದು ಜಾಗ ಮಾಡಿದಳು.

"ರೀ, ನೀವ್ ಒಳಗ್ ಹೋಗಿ" ಎಂದಳು. "ಬಾಗ್ಲು ಎಳ್ಕೊಂಡ್ ಹೋಗಿ."

ಎಳೆದುಕೊಂಡೆ. ಅವರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ.