ಸೆಂಟಿನ ಬಾಟಲಿಯಲ್ಲಿ ಗಾಂಧಾರಿ ಮೆಣಸು

ಪರ್ಕಳಕ್ಕೆ ಬಂದು ತಿಂಗಳು ತುಂಬುವ ಮೊದಲೇ ನನ್ನ ಕೈಚೀಲದಲ್ಲಿದ್ದ ಖಾರಪುಡಿ ಕಲ್ಲಾಯಿತು. ಅವ್ವ ಕಾಗದದ ಪೊಟ್ಟಣ ಕಟ್ಟಿ, ಮೇಲೊಂದು ದಾರ ಸುತ್ತಿ ಕೊಟ್ಟಿದ್ದ ಪುಡಿ ಅದು. ಒಂದು ಸಂಜೆ ಬಸ್ಸಿನಿಂದಿಳಿದು ಓಣಿಯಲ್ಲಿ ನಡೆಯುತ್ತಿದ್ದಾಗ ಹಿಂದೆ ಸೈಕಲ್ಲಿನ ಸದ್ದು ಕೇಳಿಸಿತು. ಚೀಲದೊಳಗೆ ಕೈ ಹಾಕಿದರೆ ಬೆರಳಿಗೆ ಸಿಕ್ಕಿದ್ದು ಒದ್ದೆ ಕಾಗದಕ್ಕೆ ಅಂಟಿಕೊಂಡ ಕೆಂಪು ಉಂಡೆ. ಹಾವೇರಿ ಕಡೆಯ ನಮ್ಮೂರಿನಲ್ಲಿ ವರ್ಷವಿಟ್ಟರೂ ಉದುರುದುರಾಗಿರುವ ಪುಡಿ, ಇಲ್ಲಿಯ ಆಷಾಢದ ಗಾಳಿಗೆ ಯಾವ ಕೆಲಸಕ್ಕೂ ಬಾರದಂತಾಗಿತ್ತು. ಸೈಕಲ್ಲಿನವನು ನನ್ನನ್ನು ದಾಟಿ, ತಿರುಗಿ ನೋಡಿ, ಸಿಳ್ಳೆ ಹಾಕಿ ಹೋದ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಪರ್ಕಳದ ಪಕ್ಕದ ಮಣಿಪಾಲದಲ್ಲಿ, ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ನನಗೆ ಕೆಲಸ ಸಿಕ್ಕಿತ್ತು. ರಕ್ತ, ಮೂತ್ರ ಪರೀಕ್ಷೆ ಮಾಡುವ ಕೆಲಸ. ನಮ್ಮ ಮನೆತನದಲ್ಲಿ ಸಂಬಳ ಎಣಿಸಿದ ಮೊದಲ ಹೆಣ್ಣು ನಾನು. ಅವ್ವ ಕಳಿಸಿಕೊಡಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: "ನಿನ್ನ ಮ್ಯಾಲೆ ಒಂದು ಮಾತು ಬಂತಂದ್ರ ಸಾಕು, ನೌಕರಿ ಬಿಟ್ಟು ಮನಿಗೆ ಬಂದುಬಿಡಬೇಕು." ಮಾತು ಯಾರ ತಪ್ಪಿನಿಂದ ಬಂತು ಎಂಬುದು ಆ ಷರತ್ತಿನೊಳಗೆ ಇರಲಿಲ್ಲ. ಹಾಗಾಗಿ ಸೈಕಲ್ಲಿನವನ ವಿಷಯವನ್ನು ನಾನು ಮನೆಗೆ ಬರೆಯಲಿಲ್ಲ. ಬರೆದ ದಿನವೇ ನನ್ನ ಟ್ರಂಕು ತುಂಬಬೇಕಾಗುತ್ತಿತ್ತು.

ನಮ್ಮ ಕಡೆಯವರಿಗೆ ಈ ಊರಿನ ಓಣಿಯನ್ನು ವಿವರಿಸುವುದು ಕಷ್ಟ. ನಮ್ಮಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ನಮ್ಮ ಒಲೆಯ ಹಿಂದಿನ ಗೋಡೆಗೆ ಪಕ್ಕದವರ ದೇವರ ಮಾಡ. ಇಲ್ಲಿ ಒಂದೊಂದು ಮನೆಯೂ ಒಂದೊಂದು ಕಂಪೌಂಡಿನ ನಡುವೆ, ತೆಂಗು ಹಲಸಿನ ಮರೆಯಲ್ಲಿ ಒಬ್ಬಂಟಿಯಾಗಿ ನಿಂತಿರುತ್ತದೆ. ಓಣಿಯ ಎರಡೂ ಬದಿ ಕೆಂಪು ಮುರಕಲ್ಲಿನ ಗೋಡೆ, ಅದರ ಮೇಲೆ ಪಾಚಿ. ಬಸ್ಸಿಳಿದವರು ಪೂರ್ವಕ್ಕೆ ಆ ಗೋಡೆಗಳ ನಡುವೆಯೇ ನಡೆಯಬೇಕು. ಇಲ್ಲಿ ಕೂಗಿದರೆ ಯಾರಿಗೆ ಕೇಳಿಸೀತು ಎಂದು ದಿನವೂ ಹೆದರುತ್ತಿದ್ದೆ. ಊಟಕ್ಕೆ ಕುಚ್ಚಲಕ್ಕಿ ಅನ್ನ ಅಭ್ಯಾಸವಾಯಿತು, ಮಟ್ಟುಗುಳ್ಳ ಬದನೆಯ ಹುಳಿ ಹಿಡಿಸಿತು, ಬಸ್ಸಿನಲ್ಲಿ "ಸೀಟು ಉಂಟಾ?" ಎಂದು ಕೇಳಲೂ ಕಲಿತೆ. ಆ ಓಣಿ ಮಾತ್ರ ಅಭ್ಯಾಸವಾಗಲಿಲ್ಲ.

ನನಗೆ ಕೋಣೆ ಬಾಡಿಗೆಗೆ ಕೊಟ್ಟವರು ಸಿಸಿಲಿಯಾ ಬಾಯಿ. ಕೊಂಕಣಿ ಮಾತಾಡುವ ಕ್ರೈಸ್ತರು. ಗಂಡ ಬಹರೈನಿನಲ್ಲಿ, ಮಗಳು ಕಾರ್ಕಳದಲ್ಲಿ ಸಂಬಂಧಿಕರ ಮನೆಯಲ್ಲಿದ್ದು ಓದುತ್ತಿದ್ದಳು. ಸುತ್ತಮುತ್ತಲಿನವರಂತೆ ನಾನೂ ಅವರನ್ನು ಬಾಯಮ್ಮ ಎನ್ನುತ್ತಿದ್ದೆ. ಆ ಉಂಡೆಯನ್ನು ಒಲೆಯ ಬಳಿ ಒಣಗಿಸಲು ಹೋಗಿ ಅವರ ಕೈಗೆ ಸಿಕ್ಕಿಬಿದ್ದೆ.

"ಎಂತ ಅದು?"

ಹೇಳಿದೆ. ಸೈಕಲ್ಲಿನವನ ವಿಷಯವನ್ನೂ ಹೇಳಿದೆ. ಅವನು ಎದುರು ಕಂಪೌಂಡಿನ ಮನೆಯ ಯಜಮಾನರ ತಮ್ಮ ಸುಧಾಕರ ಎಂದು ಅವರಿಗೆ ತಕ್ಷಣ ಗೊತ್ತಾಯಿತು. ಬಾಯಮ್ಮ ಉಂಡೆಯ ಚೂರೊಂದನ್ನು ನಾಲಿಗೆಗೆ ಹಚ್ಚಿಕೊಂಡರು.

"ಇದಾ ನಿಮ್ಮ ಖಾರ? ಇದು ಬಣ್ಣ ಮಾರಾಯ್ತಿ! ಇದನ್ನು ಎರಚಿದ್ರೆ ಅವನಿಗೆ ಕುಂಕುಮ ಹಚ್ಚಿದ ಹಾಗೆ ಆಗ್ತದೆ ಅಷ್ಟೆ."

ನಮ್ಮ ಕಡೆಯ ಬ್ಯಾಡಗಿ ಮೆಣಸಿನಕಾಯಿಗೆ ಅಂದರೆ ನನಗೇ ಅಂದಂತೆ. ಕಣ್ಣಿಗೆ ಬಿದ್ದರೆ ಯಾವ ಮೆಣಸೂ ಸುಮ್ಮನೆ ಬಿಡುವುದಿಲ್ಲ ಎಂದು ವಾದಿಸಿದೆ. ಆದರೆ ಒಳಗೊಳಗೇ ಒಪ್ಪಿಕೊಂಡೆ: ನಮ್ಮ ಮೆಣಸಿನಕಾಯಿ ಬಣ್ಣಕ್ಕೇ ಹೆಸರಾದದ್ದು. ಅವ್ವ ಊರಿನ ಹೆಮ್ಮೆಯನ್ನು ಕಟ್ಟಿಕೊಟ್ಟಿದ್ದಳು, ಆಯುಧವನ್ನಲ್ಲ.

ಮತ್ತೆ ಏನು ಇಟ್ಟುಕೊಳ್ಳುವುದು ಎಂದು ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಯೋಚಿಸಿದೆವು. ಪಿನ್ನು ಬಸ್ಸಿನ ನೂಕುನುಗ್ಗಲಿಗೆ ಸರಿ, ಓಣಿಗಲ್ಲ. ಕೊಡೆ ಮಳೆಗಾಲ ಮುಗಿದ ಮೇಲೆ ಕೈಯಲ್ಲಿರುವುದಿಲ್ಲ. ಮೀನು ಕೊಯ್ಯುವ ಚೂರಿಯನ್ನು ನಾನೇ ಎತ್ತಿ ತೋರಿಸಿದೆ.

"ಬೇಡ," ಎಂದರು ಬಾಯಮ್ಮ. "ಅದು ನಿಮ್ಮ ಕೈಯಿಂದ ಅವನ ಕೈಗೆ ಹೋದ್ರೆ? ಅವನ ಕೈಗೆ ಹೋದ್ರೂ ನಿಮ್ಮ ಜೀವಕ್ಕೆ ತಾಗದ್ದು ಬೇಕು."

ಅವರು ಒಳಗೆ ಹೋಗಿ ತಂದದ್ದು ಗಂಡ ಬಹರೈನಿನಿಂದ ತಂದಿದ್ದ ಸೆಂಟಿನ ಖಾಲಿ ಬಾಟಲಿ. ತಲೆ ಒತ್ತಿದರೆ ಪುಸ್ ಎಂದು ಚಿಮ್ಮುವಂಥದ್ದು. ಹಿತ್ತಲಿನ ಗಾಂಧಾರಿ ಮೆಣಸು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಿರಬಹುದು, ಅದನ್ನು ಅರೆದು ವಿನೆಗರಿನಲ್ಲಿ ನೆನೆಹಾಕಿದರು. ಬಟ್ಟೆಯಲ್ಲಿ ಸೋಸಿ ತುಂಬಿದರೆ ಬಾಟಲಿಯ ಬಾಯಿ ಕಟ್ಟಿಕೊಂಡಿತು. ಆಗ ನನ್ನ ವಿದ್ಯೆ ಕೆಲಸಕ್ಕೆ ಬಂತು. ಪ್ರಯೋಗಾಲಯದಿಂದ ಸೋಸುವ ಕಾಗದ ತಂದು ನಿಧಾನವಾಗಿ ತೊಟ್ಟಿಕ್ಕಿಸಿ ತಿಳಿ ತೆಗೆದೆ. ಅಂಗಳಕ್ಕಿಳಿದು ಬಾಳೆಗಿಡದ ಕಡೆ ಒತ್ತಿ ನೋಡಿದೆವು. ಪಡುವಣ ಗಾಳಿ ಅಷ್ಟನ್ನೂ ನಮ್ಮ ಮುಖಕ್ಕೇ ತಂದು ಹಾಕಿತು. ಇಬ್ಬರೂ ಬಾವಿಕಟ್ಟೆಯಲ್ಲಿ ಕೂತು ಕೊಡಗಟ್ಟಲೆ ನೀರು ಸುರಿದುಕೊಂಡು, ಅತ್ತು, ಕೆಮ್ಮಿ, ಕೊನೆಗೆ ನಕ್ಕೆವು. ಇಲ್ಲಿಗೆ ಬಂದ ಮೇಲೆ ನಾನು ಹೊಟ್ಟೆತುಂಬ ನಕ್ಕದ್ದು ಅಂದೇ.

"ಗಾಳಿ ನೋಡಿ ಹೊಡಿಬೇಕು," ಎಂದರು ಬಾಯಮ್ಮ, ಕಣ್ಣೊರೆಸಿಕೊಳ್ಳುತ್ತ. "ಸಂಜೆಗೆ ಗಾಳಿ ಸಮುದ್ರದ ಕಡೆಯಿಂದ. ಮನೆಗೆ ಬರುವಾಗ ಅದು ನಿಮ್ಮ ಬೆನ್ನಿಗೆ. ಅವನು ಹಿಂದೆ ಬಂದ್ರೆ ನಿಂತುಬಿಡಿ, ಮುಂದೆ ಹೋಗ್ಲಿಕ್ಕೆ ಬಿಡಿ."

ಮಳೆ ನಿಂತು, ಓಣಿಯ ಗೋಡೆಗಳು ಒಣಗಿದ ಮೇಲೆ ಆ ಸಂಜೆ ಬಂತು. ಹಿಂದೆ ಸೈಕಲ್ಲು ಕೇಳಿಸಿದೊಡನೆ ಗೋಡೆಗೆ ಒತ್ತಿ ನಿಂತೆ. ಸುಧಾಕರ ನನ್ನನ್ನು ದಾಟಿ, ಸೈಕಲ್ಲನ್ನು ಓಣಿಗೆ ಅಡ್ಡ ನಿಲ್ಲಿಸಿ, ಬಂದು ನನ್ನ ಮುಂಗೈ ಹಿಡಿದ. "ಇಷ್ಟು ಎಂತ ಅವಸರ?" ಎಂದ. ನನ್ನ ಇನ್ನೊಂದು ಕೈ ಚೀಲದೊಳಗಿತ್ತು. ಬಾಟಲಿ ಹೊರಗೆಳೆದು ಅವನ ಮುಖಕ್ಕೆ ಒತ್ತಿದೆ. ಗುರಿ ತಪ್ಪಲಿಲ್ಲ.

ಅವನು ಮುಖ ಮುಚ್ಚಿಕೊಂಡು ಕುಸಿದು ಕೂಗಿದ. ಆ ಕೂಗಿಗೆ ಎಲ್ಲ ಕಂಪೌಂಡುಗಳ ಬಾಗಿಲೂ ತೆರೆದವು. ಎಡದಿಂದ, ಬಲದಿಂದ ಜನ ಬಂದರು, ಟಾರ್ಚು ಬಂತು, ಒಂದು ಬಿಂದಿಗೆ ನೀರೂ ಬಂತು. ಈ ಓಣಿಯಲ್ಲಿ ಕೂಗು ಕೇಳಿಸುತ್ತದೆ ಎಂದು ನನಗೆ ತಿಳಿದದ್ದು ಹಾಗೆ. ಅವರು ಅವನ ಕಣ್ಣು ತೊಳೆದರು. ನನ್ನ ಕಡೆ ತಿರುಗಿ, "ನೀವು ಎಂತ ಹಾಕಿದ್ದು ಇವನಿಗೆ?" ಎಂದು ಕೇಳಿದರು. ಅವನು ಏನು ಮಾಡಿದ ಎಂದು ಒಬ್ಬರೂ ಕೇಳಲಿಲ್ಲ.

"ಘಟ್ಟದವರನ್ನು ತಂದು ಇಟ್ಟುಕೊಂಡ್ರೆ ಹೀಗೇ," ಎಂದರು ಅವನ ಅಣ್ಣ. ಅಷ್ಟರಲ್ಲಿ ಓಡಿ ಬಂದಿದ್ದ ಬಾಯಮ್ಮನಿಗೆ, "ನಾಳೆಯೇ ಕಳಿಸಿಬಿಡಿ ಇವಳನ್ನು," ಎಂದರು.

"ಅದು ನಾನು ಮಾಡಿ ಕೊಟ್ಟದ್ದು," ಎಂದರು ಬಾಯಮ್ಮ. "ನನ್ನ ಹಿತ್ತಲಿನ ಮೆಣಸು. ನನ್ನನ್ನೂ ಕಳಿಸ್ತೀರಾ?"

ಅಣ್ಣ ತಮ್ಮನನ್ನು ಎಬ್ಬಿಸಿಕೊಂಡು ಹೋದರು. ಆ ದಿನದಿಂದ ಎದುರು ಮನೆಯವರು ಬಾಯಮ್ಮನ ಜೊತೆ ಮಾತು ಬಿಟ್ಟರು. ಕ್ರಿಸ್ಮಸ್ಸಿಗೆ ಬಾಯಮ್ಮ ಕಳಿಸಿದ ಕುಸ್ವಾರದ ತಟ್ಟೆ, ಅಂದರೆ ಹಬ್ಬದ ತಿಂಡಿಗಳ ತಟ್ಟೆ, ಮುಚ್ಚಿದ ಬಟ್ಟೆ ಸರಿಯದೆ ವಾಪಸು ಬಂತು. ಅವರು ಅದನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡುತ್ತ ಕೂತಿದ್ದರು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನಿಂದ ಈ ಹೆಂಗಸಿಗೆ ಎಷ್ಟೋ ವರ್ಷಗಳಿಂದ ಇದ್ದ ನೆರೆ ಹೋಯಿತು. ಊರಿಗೆ ಹೋಗಿಬಿಡುತ್ತೇನೆ ಎಂದೆ. ಬಾಯಮ್ಮ ಬೇಡ ಎನ್ನಲಿಲ್ಲ. ಅವರಿಗೂ ದಣಿವಾಗಿತ್ತು.

ಮರು ಭಾನುವಾರ ಬಾಯಮ್ಮ ಇಗರ್ಜಿಗೆ ಹೋಗಿದ್ದರು. ನಾನು ಟ್ರಂಕಿಗೆ ಸೀರೆ ಮಡಚಿಡುತ್ತಿದ್ದಾಗ ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ಗಿರಿಜಕ್ಕ ನಿಂತಿದ್ದರು, ಎದುರು ಮನೆಯ ಯಜಮಾನರ ಹೆಂಡತಿ, ಸುಧಾಕರನ ಅತ್ತಿಗೆ. ಬೈಯಲು ಬಂದಿರಬೇಕು ಎಂದುಕೊಂಡೆ. ಅವರು ಒಳಗೆ ಬಂದು ಬಾಗಿಲಿನ ಚಿಲಕ ಹಾಕಿದರು.

"ಆ ಬಾಟಲಿ ನನಗೂ ಒಂದು ಮಾಡಿ ಕೊಡ್ತೀರಾ?"

ಓಣಿಯಲ್ಲಿ ನಡೆಯುವ ಅಗತ್ಯವೇ ಇಲ್ಲದ ಹೆಂಗಸು ಅವರು. ಹೊರಗೆ ಹೋಗುವುದಿದ್ದರೆ ಕಾರಿನಲ್ಲಿ, ಗಂಡನ ಪಕ್ಕದಲ್ಲಿ.

"ನಿಮಗ್ಯಾಕ್ರಿ?" ಎಂದು ಕೇಳಿಬಿಟ್ಟೆ.

"ನನ್ನವರು ಅಂಗಡಿಯಲ್ಲಿ ಇರುವಾಗ ಅವನು ಮನೆಯಲ್ಲೇ ಇರ್ತಾನಲ್ಲ," ಎಂದರು ಗಿರಿಜಕ್ಕ. "ನನ್ನವರಿಗೆ ಹೇಳಿ ಆಯ್ತು. ಬಾಯಿ ಮುಚ್ಚು ಅಂದ್ರು."

"ಬಾಯಮ್ಮನಿಗೆ ಹೇಳ್ತೀನ್ರಿ, ಅವರು..."

"ಬೇಡ, ಬೇಡ. ಅವರು ನನ್ನ ಮದುವೆಗೆ ಬಂದವರು. ಇಲ್ಲಿಯವರ ಹತ್ರ ಹೇಳಿದ್ರೆ ನಾಳೆ ನಾನು ಹೇಗೆ ಮುಖ ತೋರಿಸುದು? ನೀವಾದ್ರೆ ಹೊರಗಿನವರು. ನಿಮ್ಮ ಹತ್ರ ಹೇಳ್ಬಹುದು." ಆಗ ಅವರ ಕಣ್ಣು ಟ್ರಂಕಿನ ಮೇಲೆ ಬಿತ್ತು. "ನೀವು ಹೋಗುದಾ?"

ಇಲ್ಲ ಎಂದೆ. ಹೇಳಿದ ಮೇಲೆಯೇ ಅದು ನಿಜ ಎಂದು ನನಗೂ ತಿಳಿದದ್ದು. ಸೀರೆಗಳನ್ನು ಮತ್ತೆ ಹಗ್ಗದ ಮೇಲೆ ಹಾಕಿ, ಹಿತ್ತಲಿಗೆ ಹೋಗಿ ಮೆಣಸು ಕೊಯ್ದೆ.

ಆಮೇಲೆ ವರ್ಷಗಳು ಕಳೆದಿವೆ. ನಾನು ಪರ್ಕಳದಲ್ಲೇ ಇದ್ದೇನೆ. ಅವ್ವನ ಷರತ್ತು ನಾನು ಮುರಿದೆ. ಕರಾವಳಿ ನೀರು ಕುಡಿದು ಮಗಳು ಕೈತಪ್ಪಿದಳು ಎಂದು ಅವಳು ಇವತ್ತಿಗೂ ಅನ್ನುತ್ತಾಳೆ. ಇಲ್ಲಿ ಅಂಗಡಿಯವರಿಂದ ಹಿಡಿದು ಕಂಡಕ್ಟರನವರೆಗೆ ಎಲ್ಲರಿಗೂ ನಾನು ಘಟ್ಟದವಳು, ಹೊರಗಿನವಳು. ಮೊದಮೊದಲು ಆ ಮಾತು ಚುಚ್ಚುತ್ತಿತ್ತು. ಗಿರಿಜಕ್ಕ ಬಂದುಹೋದ ಮೇಲೆ ಇನ್ನೂ ಕೆಲವರು ಹಿತ್ತಲ ಬಾಗಿಲು ತಟ್ಟಿದ್ದಾರೆ, ಅದೇ ಕಾರಣಕ್ಕೆ, ಅದೇ ದನಿಯಲ್ಲಿ. ರಜೆಗೆ ಊರಿಗೆ ಹೋದಾಗ ಗೋಡೆಗೆ ಗೋಡೆ ಅಂಟಿದ ನಮ್ಮ ಓಣಿಯಲ್ಲಿ ಹೆಂಗಸರೆಲ್ಲ ಬಂದು ಮಾತಾಡಿಸುತ್ತಾರೆ, ಅರಿಶಿನ ಕುಂಕುಮ ಹಚ್ಚುತ್ತಾರೆ, ಯಾಕೆ ಇಷ್ಟು ಸೊರಗಿದೆ ಎಂದು ಕೆನ್ನೆ ಸವರುತ್ತಾರೆ. ನಾನು ಅವರ ಮುಖಗಳನ್ನೇ ನೋಡುತ್ತ ಕೂರುತ್ತೇನೆ. ಅವರಲ್ಲಿ ಯಾರಿಗೆ ಏನು ಬೇಕಾಗಿದೆಯೋ, ನನಗೆ ಯಾರೂ ಹೇಳುವುದಿಲ್ಲ. ಅಲ್ಲಿ ನಾನು ಅವರ ಮನೆಯ ಮಗಳು.