ದೊಡ್ಡಮ್ಮ ಎತ್ತಿಕೊಳ್ಳುತ್ತಿದ್ದ ಸೊಲ್ಲು

ಸಾಗರದಲ್ಲಿ ನಮ್ಮ ಬೀದಿಯ ಕೊನೆಗೊಂದು ಹಿಟ್ಟಿನ ಗಿರಣಿ ಇದೆ. ಆಗಷ್ಟೇ ಬೀಸಿದ ಅಕ್ಕಿಹಿಟ್ಟಿನ ಬಿಸಿ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿದ್ದ ದೊಡ್ಡಮ್ಮನ ಮನೆಯೊಳಗೆ ನಿಂತಿರುತ್ತೇನೆ. ಮುಂದೆ ದೊಡ್ಡಪ್ಪನ ಗಿರಣಿ, ಹಿಂದೆ ಮನೆ, ನಡುವೆ ಗೋಣಿಚೀಲದ ಪರದೆ. ಬಾಗಿಲ ಚಿಲಕ, ದೇವರ ಪಟ, ನಮ್ಮ ಪಾಠದ ಪುಸ್ತಕ, ಎಲ್ಲದರ ಮೇಲೂ ತೆಳ್ಳಗೆ ಬಿಳಿ ಹಿಟ್ಟು. ಮೆಣಸು ಬೀಸುವ ದಿನ ಮನೆಮಂದಿಯೆಲ್ಲ ಸೀನುತ್ತಲೇ ಊಟ ಮಾಡುತ್ತಿದ್ದೆವು. ಮೇಗರವಳ್ಳಿಯಿಂದ ಅಪ್ಪ ನನ್ನನ್ನೂ ತಂಗಿ ರೇವತಿಯನ್ನೂ ಓದಿಗೆಂದು ಅಲ್ಲಿಗೆ ತಂದು ಬಿಟ್ಟಿದ್ದರು. ಮೊನ್ನೆ ಇಲ್ಲಿನ ಗಿರಣಿಯಲ್ಲಿ ಡಬ್ಬಿ ಹಿಡಿದು ನಿಂತಿದ್ದಾಗ ಯಾರದೋ ಮೊಬೈಲಿನಲ್ಲಿ ಅವಳ ಹಾಡು ಬಂತು. ನಿಮಗೆ ಅವಳು ‘ರೇವಾ’ ಎಂದೇ ಗೊತ್ತು. ಸಾಲು ಮುಗಿದಾಗಲೆಲ್ಲ ಒಂದು ಗಳಿಗೆ ನಿಲ್ಲುತ್ತಾಳಲ್ಲ, ಆ ಮೌನಕ್ಕೇ ಹುಡುಗರು ಮರುಳಾಗಿರುವುದು. ಅದನ್ನು ‘ರೇವಾ ಸ್ಟೈಲ್’ ಅನ್ನುತ್ತಾರಂತೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಅದು ಸ್ಟೈಲೂ ಅಲ್ಲ, ಮೌನವೂ ಅಲ್ಲ. ಅದು ದೊಡ್ಡಮ್ಮನ ಜಾಗ.

ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಆನಂದಪುರದ ಕಡೆ ಬೆಳೆದವಳು. ಮದುವೆಮನೆಯ ಸೋಬಾನೆ ಹಾಡುಗಳು ತವರಿನಿಂದ ಅವಳ ಜೊತೆಗೇ ಬಂದಿದ್ದವು. ಸೋಬಾನೆಯನ್ನು ಯಾರೂ ಒಬ್ಬರೇ ಹಾಡುವುದಿಲ್ಲ. ಒಬ್ಬಳು ಒಂದು ಸೊಲ್ಲು ಹೇಳಿ ನಿಲ್ಲಬೇಕು, ಇನ್ನೊಬ್ಬಳು ಅದನ್ನೇ ಎತ್ತಿಕೊಂಡು ಮತ್ತೆ ಹಾಡಬೇಕು. ಹೇಳಿದವಳಿಗೆ ಉಸಿರಾಡಲು ಅಷ್ಟೇ ಪುರುಸೊತ್ತು. “ಸೊಲ್ಲು ಖಾಲಿ ಬಿಡ್ಬಾರ್ದು ಕಣ್ರೇ, ಹಸೆ ಮೇಲೆ ಕೂತೋರಿಗೆ ಒಳ್ಳೇದಲ್ಲ” ಎನ್ನುತ್ತಿದ್ದಳು. ರೇವತಿಗೆ ಅವಳು ಕಲಿಸಿದ್ದು ಗಿರಣಿ ಓಡುತ್ತಿದ್ದಾಗಲೇ. ಬೆಲ್ಟಿನ ಪಟಪಟ, ಕಲ್ಲಿನ ಗರಗರ, ಅದರ ಮೇಲೆ ಇಬ್ಬರ ದನಿ. ಪರದೆಯ ಆಚೆ ರೇವತಿ ಅಕ್ಕಿ ಕೇರುತ್ತ ಹೇಳುವಳು, ಈಚೆ ದೊಡ್ಡಮ್ಮ ರೊಟ್ಟಿ ತಟ್ಟುತ್ತ ಎತ್ತಿಕೊಳ್ಳುವಳು. ಹಿಟ್ಟು ಬೀಸಿಸಲು ಬಂದವರು ಡಬ್ಬಿ ತುಂಬಿದ ಮೇಲೂ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ನನಗೆ ಹಾಡಲು ಬರುತ್ತಿರಲಿಲ್ಲ, ಕೇಳಲು ಬರುತ್ತಿತ್ತು. ಆ ಮನೆಯಲ್ಲಿ ಅದೂ ಒಂದು ಕೆಲಸವೇ ಆಗಿತ್ತು.

ತಂಗಿಯ ಏಳಿಗೆಗೆ ನಾನು ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂದುಕೊಳ್ಳಬೇಡಿ. ದನಿ ಅವಳದೇ, ದುಡಿಮೆಯೂ ಅವಳದೇ, ಅದರಲ್ಲಿ ಎರಡು ಮಾತಿಲ್ಲ. ತೀರ್ಥಹಳ್ಳಿಯಲ್ಲಿ ಕಾಲೇಜಿಗೆ ಹೋಗುವಾಗ ಗೆಳತಿಯ ಮದುವೆಯಲ್ಲಿ ಗಿಟಾರು ಹಿಡಿದ ಹುಡುಗನೊಬ್ಬನ ಜೊತೆ ಹಾಡಿದಳು, ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಊರೆಲ್ಲ ಹಂಚಿದರು. ಅಲ್ಲಿಂದ ಆಲ್ಬಮ್ಮು, ಅಲ್ಲಿಂದ ಟಿವಿ ಸ್ಪರ್ಧೆ. ದೊಡ್ಡಮ್ಮನ ಧಾಟಿಗೇ ಡ್ರಮ್ಮು ಕಟ್ಟಿದ ಹಾಡು ಎಲ್ಲರ ಬಾಯಲ್ಲೂ ನಲಿದಾಡಿತು. ನಾವೂ ಕುಣಿದೆವು. ಆಮೇಲೆ ಸಂದರ್ಶನದಲ್ಲಿ ಯಾರೋ ಆ ನಿಲುಗಡೆ ಎಲ್ಲಿಂದ ಬಂತು ಎಂದು ಕೇಳಿದರು. “ಅದು ನನ್ನೊಳಗಿಂದ ತಾನಾಗೇ ಬಂತು” ಎಂದಳು. ಟಿವಿ ಮುಂದೆ ಕೂತಿದ್ದ ದೊಡ್ಡಪ್ಪ ಎದ್ದು ಹೋಗಿ ಗಿರಣಿಯ ಸ್ವಿಚ್ಚು ಹಾಕಿದರು. ಬೀಸಲು ಅಲ್ಲಿ ಏನೂ ಇರಲಿಲ್ಲ.

ಸ್ಪರ್ಧೆಯ ಟಿವಿಯವರು ‘ರೇವಾ ಬೆಳೆದ ಮನೆ’ ತೋರಿಸಲು ಬಂದರು. ಗಿರಣಿ ನೋಡಿ ಮುಖ ಸಿಂಡರಿಸಿದರು. ಹಳ್ಳಿಯ ಹಾಗೆ ಕಾಣುವುದಿಲ್ಲವಂತೆ. ಊರ ಹೊರಗೆ ಯಾರದೋ ಹೆಂಚಿನ ಮನೆ ಹುಡುಕಿ, ಅದರ ಜಗಲಿಯಲ್ಲಿ ದೊಡ್ಡಮ್ಮನನ್ನು ಕೂರಿಸಿ, ಅವಳ ಕೈಗೆ ಬೀಸುಕಲ್ಲಿನ ಗೂಟ ಕೊಟ್ಟರು. ಜೀವಮಾನವಿಡೀ ಕರೆಂಟಿನ ಗಿರಣಿ ನಡೆಸಿದ ಹೆಂಗಸು ಅವಳು. “ಇವ್ರಿಗೆ ಎಂತ ಹುಚ್ಚು ಮಾರಾಯ್ತಿ” ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕಳು. ಅವಳಿಗೆ ನಗಲು ಬಂತು. ನನಗೆ ಈಗಲೂ ಬರುವುದಿಲ್ಲ.

ಕೊನೆಯ ಸುತ್ತಿಗೆ ಅವಳನ್ನು ಬೆಂಗಳೂರಿನ ವೇದಿಕೆಗೇ ಕರೆಸಿ, ಸೀರೆಗೆ ಮೈಕು ಸಿಕ್ಕಿಸಿ, ರೇವತಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ರೇವತಿ ಮೊದಲ ಸೊಲ್ಲು ಹೇಳಿ ನಿಂತಳು. ದೊಡ್ಡಮ್ಮ ಎತ್ತಿಕೊಂಡಳು. ಇನ್ನೇನು ಮಾಡಬೇಕಿತ್ತು? ಜನ ಗೊಳ್ಳೆಂದು ನಕ್ಕರು. ಎರಡನೆಯ ಸೊಲ್ಲಿಗೆ ಅವಳ ಬಾಯಿ ಆಡಿತು, ದನಿ ಕೇಳಲಿಲ್ಲ. ಯಾರೋ ಮೈಕು ಬಂದ್ ಮಾಡಿದ್ದರು. ನಿರೂಪಕ “ಅಜ್ಜೀ, ಮೊಮ್ಮಗಳಿಗೂ ಒಂಚೂರು ಚಾನ್ಸ್ ಕೊಡಿ” ಎಂದ. ರೇವತಿ ಒಂದು ಮಾತು ಹೇಳಬಹುದಿತ್ತು. ಇವರು ನನ್ನ ಗುರು, ಹಾಡುವ ರೀತಿಯೇ ಹೀಗೆ ಎಂದಿದ್ದರೆ ಸಾಕಿತ್ತು. ಅವಳು ನಕ್ಕಳು, ಮುಂದಿನ ಸಾಲು ಹಾಡಿದಳು. ಹತ್ತಿದ ಏಣಿಯನ್ನು ಒದೆಯುವುದು ಅಂದರೆ ಇದೇ. ಆ ತುಣುಕನ್ನು ವಾರಗಟ್ಟಲೆ ಜನ ಮೊಬೈಲಿನಲ್ಲಿ ಹಂಚಿ ನಕ್ಕರು. ಅವತ್ತು ಬಸ್ಸಿನಲ್ಲಿ ಊರಿಗೆ ಮರಳುವಾಗ ದೊಡ್ಡಮ್ಮ ನನ್ನನ್ನು ಒಂದೇ ಮಾತು ಕೇಳಿದಳು: “ಅವ್ಳು ಜಾಗ ಬಿಟ್ಟಿದ್ಲಲ್ಲೇ, ಮತ್ತೆ ಯಾರಿಗಂತ ಬಿಟ್ಟಿದ್ದು?”

ಅಲ್ಲಿಂದೀಚೆಗೆ ಅವಳು ಹಾಡಲಿಲ್ಲ. ವೀಳ್ಯ ಹಿಡಿದು ಕರೆಯಲು ಬಂದವರಿಗೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದಳು. ನನ್ನ ಮದುವೆಗಾದರೂ ಹಾಡುತ್ತಾಳೆ ಎಂದು ಆಸೆಯಿಂದ ಕಾದಿದ್ದೆ. ಹಸೆಯ ಮೇಲೆ ಕೂತೆ. ಅವಳು ನನ್ನ ಬೆನ್ನ ಹಿಂದೆ ಬಂದು ಭುಜದ ಮೇಲೆ ಕೈಯಿಟ್ಟು ಸುಮ್ಮನೆ ನಿಂತಳು. ಕಾರಿನಲ್ಲಿ ಬಂದಿಳಿದ ರೇವತಿಯನ್ನು ಎಲ್ಲರೂ ಹಾಡು ಹಾಡು ಎಂದು ಪೀಡಿಸಿದರು. ಅವಳು ಅದೇ ಹಾಡು ಶುರುಮಾಡಿದಳು. ಮೊದಲ ಸೊಲ್ಲು ಮುಗಿದು ಅವಳು ನಿಂತ ಕೂಡಲೇ ಹುಡುಗರು ಸಿಳ್ಳೆ ಹೊಡೆದರು. ರೇವತಿ ದೊಡ್ಡಮ್ಮನ ಕಡೆ ನೋಡಿದಳು. ನಾನೂ ಕತ್ತೆತ್ತಿ ನೋಡಿದೆ. ತುಟಿ ಬಿಗಿದೇ ಇತ್ತು. ಆದರೆ ಭುಜದ ಮೇಲಿದ್ದ ಕೈ ನನ್ನನ್ನು ಮೆಲ್ಲಗೆ ಅದುಮಿತು, ಒಂದು ಸೊಲ್ಲು ಹಿಡಿಯುವಷ್ಟು ಹೊತ್ತು. ಎರಡನೆಯ ಸಾಲು ಮುಗಿದಾಗಲೂ ಅದುಮಿತು, ಮೂರನೆಯದಕ್ಕೂ. ಹಾಡು ಮುಗಿಯುವವರೆಗೆ ಅವಳು ಒಂದು ಸೊಲ್ಲನ್ನೂ ಖಾಲಿ ಬಿಡಲಿಲ್ಲ.

ದೊಡ್ಡಮ್ಮ ಹೋದಳು. ರಸ್ತೆ ಅಗಲ ಮಾಡುವಾಗ ಗಿರಣಿಯೂ ಮನೆಯೂ ಹೋದವು. ಮೊನ್ನೆ ಇಲ್ಲಿನ ಗಿರಣಿಯಲ್ಲಿ ಆ ಹಾಡು ಸಾಲು ಮುಗಿಸಿ ನಿಂತಾಗ ಕಲ್ಲಿನ ಗರಗರ ಒಂದೇ ಕೇಳುತ್ತಿತ್ತು. ಬಿಸಿ ಹಿಟ್ಟಿನ ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತಿದ್ದೆ. ನನ್ನ ಭುಜ ಆ ಕೈಗಾಗಿ ಕಾಯುತ್ತಿತ್ತು.